ತಂಬಾಕಿನ ಊರಲ್ಲಿ ಪಾತರಗಿತ್ತಿ ಮೀನು

ನನ್ನ ಮೊಮ್ಮಗಳಿಗೆ ಮೀನು ಸಾಕುವ ನೌಕರಿ ಸಿಕ್ಕಿದೆ! ದೊಡ್ಡ ಊರಿನಲ್ಲಿ ಗಾಜಿನ ಗೋಡೆಗಳ ಮೀನಿನ ಮನೆಯೊಂದಿದೆಯಂತೆ, ಜನ ಟಿಕೇಟು ತೆಗೆದು ನೋಡಲು ಬರುತ್ತಾರಂತೆ, ಅಲ್ಲಿ ಸಮುದ್ರದ ಮೀನುಗಳಿಗೆ ಊಟ ಹಾಕುವವಳು ಇನ್ನು ನಮ್ಮ ಪೂಜಾ. ಫೋನು ಇಟ್ಟವಳೇ ಓಣಿಯ ತುಂಬ ಪೇಢೆ ಹಂಚಿದೆ. ನನ್ನ ಜೊತೆ ಮಾತು ಬಿಟ್ಟಿದ್ದ ಎದುರು ಮನೆಯ ಗಂಗವ್ವನಿಗೂ ಕೊಟ್ಟೆ.

"ಏನಬೇ, ಮೀನಿಗೆ ಕೂಳ ಹಾಕಿದ್ರ ಪಗಾರ ಕೊಡ್ತಾರ?" ಎಂದಳು.

"ನನಗೂ ಕೊಟ್ಟಾರ. ಬಾಯಿ ತಗಿ, ಪೇಢೆ ತಿನ್ನ" ಎಂದೆ.

ನಾನು ಕಲಿತದ್ದು ಕನ್ನಡ ಶಾಲೆಯ ಮೂರನೆಯ ಇಯತ್ತೆ. ಬರೆಯಲು ಕುಳಿತರೆ ಒಂದು ಸಾಲಿಗೆ ನಾಲ್ಕು ಸಲ ಕನ್ನಡಕ ಒರೆಸಬೇಕು. ಆದರೂ ಪೂಜಾ, "ಅಜ್ಜಿ, ನೀ ಮಾಡಿದ ಕೆಲಸ ಬರದ ಕೊಡು, ನನ್ನ ಜೋಡಿ ಸೇರಿದವರೂ ಓದ್ತಾರ" ಎಂದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಕೊನೆಕೊನೆಗೆ ನಾನು ಚಿಕ್ಕೋಡಿಯ ಒಬ್ಬ ಡಾಕ್ಟರ ಮನೆಯಲ್ಲಿ, ಹೈವೇ ಮೇಲಿನ ಒಂದು ಹೋಟೆಲಿನಲ್ಲಿ ಸಿಹಿನೀರಿನ ಮೀನು ನೋಡಿಕೊಂಡಿದ್ದೆ. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಸಿಹಿನೀರಿನ ಮೀನು ಬೈದರೂ ಬದುಕುತ್ತವೆ. ಬರೆಯಬೇಕಾದದ್ದು ಅದಕ್ಕಿಂತ ಮೊದಲು ನಿಪ್ಪಾಣಿಯ ಅಣ್ಣಾಸಾಹೇಬರ ಮನೆಯಲ್ಲಿ ಮಾಡಿದ ಕೆಲಸ.

ಎಂಬತ್ತರ ದಶಕದ ಮಾತು. ಅಣ್ಣಾಸಾಹೇಬರ ತಂಬಾಕಿನ ವಖಾರಿಯಲ್ಲಿ ನಾನು ತಂಬಾಕು ಕುಟ್ಟಿ ಜರಡಿ ಹಿಡಿಯುತ್ತಿದ್ದೆ. ಗಂಡ ತೀರಿಕೊಂಡಿದ್ದ. ಮಗ ಇಚಲಕರಂಜಿಯ ಮಗ್ಗದ ಕಾರಖಾನೆ ಸೇರಿದ್ದ. ಅಲ್ಲೇ ಊಟ, ಅಲ್ಲೇ ನಿದ್ದೆ. ತಂಬಾಕಿನ ಧೂಳು ನನ್ನ ಎದೆಗೆ ಇಳಿದು ಕೆಮ್ಮು ಹಿಡಿಯಿತು. ದವಾಖಾನೆಯಲ್ಲಿ, "ಇನ್ನ ಆ ಧೂಳಿನ್ಯಾಗ ಕುಂತ್ರ ನೀ ಉಳಿಯೂದಿಲ್ಲಬೇ" ಎಂದು ಮುಖದ ಮೇಲೆ ಹೇಳಿದರು. ವಖಾರಿ ಬಿಟ್ಟರೆ ಬೀಡಿ ಕಟ್ಟಬೇಕು, ಅದೂ ತಂಬಾಕೇ. ನಮ್ಮೂರಿನಲ್ಲಿ ಓದಿಲ್ಲದ ಹೆಂಗಸಿಗೆ ತಂಬಾಕು ಮುಟ್ಟದ ಕೆಲಸ ಎಲ್ಲಿ ಸಿಗಬೇಕು?

ಆಗಲೇ ಅಣ್ಣಾಸಾಹೇಬರು ಕರೆಸಿದರು. ಮುಂಬೈಯಲ್ಲಿ ಯಾರದೋ ಬಂಗಲೆಯಲ್ಲಿ ಸಮುದ್ರದ ಮೀನಿನ ತೊಟ್ಟಿ ನೋಡಿ ಬಂದು, ತಮ್ಮ ಪಡಸಾಲೆಯಲ್ಲೂ ಗೋಡೆಯುದ್ದಕ್ಕೆ ಗಾಜು ಕೂಡಿಸಿಕೊಂಡಿದ್ದರು.

"ಕಾಶವ್ವ, ನೀ ಒಣ ಸಿಗಡಿ ಮುಟ್ಟತೀಯಲ್ಲ?"

"ಮುಟ್ಟೂದೇನ್ರಿ, ತಿಂತೀನ್ರಿ."

"ತಿನ್ನಬ್ಯಾಡ. ಬರೇ ಮುಟ್ಟು. ನಿನಗ ಕೆಲಸ ಐತಿ."

ಅವರದು ಜೈನರ ಮನೆ. ಬೆಳ್ಳುಳ್ಳಿ ಕೂಡ ಹೊಸ್ತಿಲ ಒಳಗೆ ಬರುತ್ತಿರಲಿಲ್ಲ. ಸಮುದ್ರದ ಮೀನಿಗೋ ಸಿಗಡಿಯೇ ಬೇಕು. ಮನೆಯವರು ಮುಟ್ಟುವಂತಿಲ್ಲ, ಅಡುಗೆಯವಳು ಮುಟ್ಟುವಂತಿಲ್ಲ. ಹೀಗಾಗಿ ನಾನು ಬಂದೆ. ಅಣ್ಣಾಸಾಹೇಬರ ತಾಯಿಯನ್ನು ಊರೆಲ್ಲ ಆಯಿ ಎಂದು ಕರೆಯುತ್ತಿತ್ತು. ಷರತ್ತು ಹಾಕಿದವರು ಅವರೇ. ಸಿಗಡಿಯ ಡಬ್ಬಿ, ಅರೆಯುವ ಕಲ್ಲು, ಬಟ್ಟಲು ಎಲ್ಲ ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿರಬೇಕು. ನಾನು ಪಕ್ಕದ ಬಾಗಿಲಿನಿಂದ ಪಡಸಾಲೆಗೆ ಬಂದು, ಮೀನಿಗೆ ಹಾಕಿ, ಅದೇ ಬಾಗಿಲಿನಿಂದ ಹೋಗಬೇಕು. ಇನ್ನು ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದಾಗ, ಆ ಹತ್ತು ದಿನ ಸಿಗಡಿ ಕಂಪೌಂಡಿನ ಒಳಗೇ ಇರಬಾರದು.

"ನಿನ್ನ ಮ್ಯಾಲ ಸಿಟ್ಟಿಲ್ಲ ಕಾಶಿ," ಎಂದರು ಆಯಿ ಮೊದಲ ದಿನವೇ, ತೂಗುಮಂಚದ ಮೇಲೆ ಕುಳಿತು. "ಮೀನಿನ ಮ್ಯಾಲೂ ಇಲ್ಲ. ಇದ್ದದ್ದೆಲ್ಲಾ ನನ್ನ ಮಗನ ಮ್ಯಾಲ."

ಇನ್ನು ಕೆಲಸದ ಮಾತು. ಮೊದಲು ನಾವು ಮಾಡಿದ ಮೂರ್ಖತನಗಳನ್ನು ಹೇಳುತ್ತೇನೆ, ನೀವು ಮಾಡಬೇಡಿ. ಅಣ್ಣಾಸಾಹೇಬರು ಬಾವಿ ನೀರಿಗೆ ಅಂಗಡಿಯ ಹರಳುಪ್ಪು ಕಲಸಿದರು. ಇಬ್ಬರೂ ನಾಲಗೆಗೆ ಹಚ್ಚಿ ನೋಡಿ, ಹೌದು, ಸಮುದ್ರವೇ ಎಂದು ಒಪ್ಪಿದೆವು. ಇಬ್ಬರೂ ಸಮುದ್ರದ ನೀರು ಕುಡಿದವರಲ್ಲ! ಮೀನು ಮಾತ್ರ ಒಪ್ಪಲಿಲ್ಲ. ಆಮೇಲೆ ಫೋಂಡಾ ಘಾಟು ಇಳಿದು ಮಾಲವಣಕ್ಕೆ ಬೆಲ್ಲ ಒಯ್ಯುವ ದಸ್ತಗೀರನ ಲಾರಿಯಲ್ಲಿ ಸಮುದ್ರದ ನೀರು ತರಿಸತೊಡಗಿದರು. ತೊಟ್ಟಿಯಲ್ಲಿ ನೀರು ತಗ್ಗಿದಾಗಲೆಲ್ಲ ಅದೇ ಉಪ್ಪುನೀರು ಸುರಿದೆವು. ಆರಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಕೂತಿರುತ್ತದೆ ಎಂದು ಯಾರಿಗೆ ಹೊಳೆಯಬೇಕು? ಮುಂಬೈಯಿಂದ ಉಪ್ಪು ಅಳೆಯುವ ಗಾಜಿನ ತೇಲುಕಡ್ಡಿ ಬಂದ ಮೇಲೆಯೇ ಗೊತ್ತಾದದ್ದು. ನೀರು ತಗ್ಗಿದರೆ ಸಿಹಿನೀರು ಹಾಕಿ. ಹೊಸ ತೊಟ್ಟಿಗೆ ಅವಸರದಿಂದ ಮೀನು ಬಿಡಬೇಡಿ. ನೀರು ಮಾಗಲು ತಿಂಗಳಾದರೂ ಬೇಕು. ಕಣ್ಣಿಗೆ ನಿಚ್ಚಳ ಕಾಣುತ್ತದೆಂದು ನಂಬಿದರೆ ಕೆಟ್ಟಿರಿ.

ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಗಾಳಿ ಬಿಡುವ ಮಷೀನು ನಿಂತರೆ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಸ್ಟೂಲಿನ ಮೇಲೆ ನಿಂತು ತಂಬಿಗೆಯಲ್ಲಿ ನೀರೆತ್ತಿ ಮೇಲಿನಿಂದ ಸುರಿಯಬೇಕು, ಎತ್ತಬೇಕು, ಸುರಿಯಬೇಕು, ಕರೆಂಟು ಬರುವವರೆಗೆ. ಅಣ್ಣಾಸಾಹೇಬರು ವ್ಯಾಪಾರದ ತಿರುಗಾಟದಲ್ಲಿ. ಅವರ ಹೆಂಡತಿ ಮಕ್ಕಳು ಶಾಲೆಗೆಂದು ಬೆಳಗಾವಿಯಲ್ಲಿ. ಆಯಿ ಒಳಗೆ ಮಲಗಿರುತ್ತಿದ್ದರು. ಅಷ್ಟು ದೊಡ್ಡ ಪಡಸಾಲೆಯಲ್ಲಿ ನೀರು ಬೀಳುವ ಸಪ್ಪಳ ಒಂದೇ. ವಖಾರಿಯಲ್ಲಿ ಧೂಳಿದ್ದರೂ ಬಾಯಿಗೆ ಬಾಯಿ ಇತ್ತು. ಹೆಂಗಸರು ಹಾಡುತ್ತಿದ್ದರು, ಜಗಳಾಡುತ್ತಿದ್ದರು. ಇಲ್ಲಿ ನಾನು ಬೆಳಿಗ್ಗೆ ಬಂದು ಸಂಜೆ ಹೋಗುವವರೆಗೆ ಮಾತಾಡದ ದಿನಗಳೂ ಇದ್ದವು. ಮನೆಗೆ ಹೋದರೂ ದೀಪ ಹಚ್ಚಿ ನಾನೇ, ಆರಿಸಿ ನಾನೇ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಇದನ್ನು ಮೊದಲೇ ತಿಳಿದಿರಬೇಕು. ಮೀನು ನಿಮ್ಮ ಕಡೆ ನೋಡುತ್ತವೆ, ಓಗೊಡುವುದಿಲ್ಲ.

ಒಂದು ಬೇಸಿಗೆಯಲ್ಲಿ ದಸ್ತಗೀರ ಮಾಲವಣದ ಒಬ್ಬ ಮೀನುಗಾರನ ಕಡೆಯಿಂದ ಎರಡು ಮೀನು ತಂದ. ಅಂಗೈಯಷ್ಟು ಅಗಲ, ರೊಟ್ಟಿಯಷ್ಟು ತೆಳ್ಳಗೆ. ಬಿಳಿ ಮೈಮೇಲೆ ಓರೆ ಗೆರೆಗಳು, ಹಿಂಬದಿ ಕಪ್ಪು, ಅಂಚಿಗೆ ಹಳದಿ, ಕಣ್ಣಿನ ಮೇಲೆ ಹಾಯ್ದ ಕರಿ ಪಟ್ಟಿ, ಮುಂದೆ ಚೂಪು ಮೂತಿ.

"ಮಾವಶಿ, ಪಾತರಗಿತ್ತಿ ಮೀನ ಅಂತಿದು. ಜೋಡಿ ಬಿಟ್ಟ ಇರೂದಿಲ್ಲಂತ. ಹಿಡಿಯಾಕ ಹೋದ್ರ ಒಂದು ಸಿಗತೈತಿ, ಇನ್ನೊಂದು ತಾನ ಬಲಿಯೊಳಗ ಬರತೈತಂತ" ಎಂದ ದಸ್ತಗೀರ. ಚಿಕ್ಕಮ್ಮನನ್ನು ಕರೆದಂತೆ ಅವನು ನನ್ನನ್ನು ಮಾವಶಿ ಎನ್ನುತ್ತಿದ್ದ.

ಹಾಗೆಯೇ ಇದ್ದವು. ಒಂದು ತಿರುಗಿದರೆ ಇನ್ನೊಂದು ತಿರುಗುತ್ತಿತ್ತು. ನೀರಿನಲ್ಲಿ ಉದುರಿಸಿದ ಸಿಗಡಿಯನ್ನು ಮೂಸಿಯೂ ನೋಡಲಿಲ್ಲ. ಆ ಚೂಪು ಮೂತಿ ಇರುವುದು ಕಲ್ಲಿನ ಸಂದಿಯಿಂದ ಹೆಕ್ಕಲು ಎಂದು ನೋಡಿ ನೋಡಿ ತಿಳಿಯಿತು. ಸಿಗಡಿ ನೆನೆಸಿ, ಉಪ್ಪು ಹಿಂಡಿ, ನುಣ್ಣಗೆ ಅರೆದು, ಸಮುದ್ರದ ಹವಳದ ಕಲ್ಲಿನ ತೂತುಗಳಿಗೆ ಬೆರಳಿನಿಂದ ತುಂಬಿ ಇಟ್ಟೆ. ಬಂದು ಹೆಕ್ಕಿದವು! ಇಡೀ ಮನೆಗೆ ಕೇಳುವಂತೆ ಕೂಗಿದೆ. ಆಯಿ ಒಳಗಿನಿಂದ, "ಏನಾತಬೇ, ಹಾವೇನ?" ಎನ್ನುತ್ತ ಓಡಿ ಬಂದರು. ಬಂದವರು ಅಲ್ಲಿಯೇ ನಿಂತು ನೋಡಿದರು. ಆಮೇಲೆ ದಿನಾ ಮಧ್ಯಾಹ್ನ ಅವರ ಕುರ್ಚಿ ಗಾಜಿನ ಎದುರಿಗೆ ಬಂತು.

ಆ ವರ್ಷದ ಪರ್ವದಲ್ಲಿ ಪಾಲಕ ಕುದಿಸಿ ಕೊಟ್ಟೆ. ಬಾಯಿಗೆ ತೆಗೆದುಕೊಂಡು ಉಗುಳಿದವು. ಹತ್ತು ದಿನ ಮುಗಿಯುವಷ್ಟರಲ್ಲಿ ಹೊಟ್ಟೆ ಒಳಗೆ ಹೋಗಿತ್ತು, ಹೇಗೋ ಉಳಿದವು.

ಮುಂದಿನದು ತಂಬಾಕಿನ ಸುಗ್ಗಿ. ಅಣ್ಣಾಸಾಹೇಬರು ವಖಾರಿಯಲ್ಲಿ ರೈತರ ಮಾಲನ್ನು ಅಂಗೈಯಲ್ಲಿ ತಿಕ್ಕಿ ನೋಡಿ, ಮೂಸಿ, ದರ ಕಟ್ಟಿ, ಒಂದಿಬ್ಬರು ವ್ಯಾಪಾರಿಗಳನ್ನು ಊಟಕ್ಕೆ ಕರೆತಂದರು. ತೊಟ್ಟಿಯಲ್ಲಿ ಒಂದು ಕಲ್ಲು ವಾಲಿತ್ತು. ಅತಿಥಿಗಳ ಎದುರಿಗೆ ಚಂದ ಕಾಣಲೆಂದು ತೋಳು ಮಡಚಿ ಕೈ ಅದ್ದಿ ನೆಟ್ಟಗೆ ಮಾಡಿದರು. ಊಟ ಮುಗಿಸಿ ಅವರು ಕೈ ತೊಳೆಯುವಷ್ಟರಲ್ಲಿ ಒಂದು ಪಾತರಗಿತ್ತಿ ಸೆಟೆದುಕೊಂಡು ಸುತ್ತತೊಡಗಿತು. ಸಂಜೆಗೆ ಅಡ್ಡ ಬಿತ್ತು. ದೂರದ ಮೂಲೆಯಲ್ಲಿ ಗುಳ್ಳೆ ಏಳುವ ಕಡೆಗೆ ಇದ್ದದ್ದು ಉಳಿಯಿತು.

ಲಾರಿಯ ಡಬ್ಬಿಗೆ ಡೀಸೆಲ್ ತಾಗಿರಬೇಕು ಎಂದರು ಅಣ್ಣಾಸಾಹೇಬರು. ವ್ಯಾಪಾರಿಗಳ ದೃಷ್ಟಿ ಎಂದೆ ನಾನು. ಆಯಿ ತೂಗುಮಂಚದಿಂದಲೇ ಹೇಳಿದರು:

"ಮೆಣಸಿನ ಗಿಡಕ್ಕ ಹುಳ ಬಿದ್ರ ನಿಮ್ಮಪ್ಪ ಏನ ಹೊಡೀತಿದ್ನೋ?"

"ತಂಬಾಕದ ನೀರ."

"ಹುಳ ಸಾಯತಿದ್ದೂ ಇಲ್ಲೋ?"

ಅಣ್ಣಾಸಾಹೇಬರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಹಿಂದೆ ಕಾರಣ ತಿಳಿಯದೆ ಸತ್ತ ಮೀನುಗಳೆಲ್ಲ ಒಮ್ಮೆಲೇ ನೆನಪಾದವು. ತಂಬಾಕಿನಿಂದಲೇ ಉಣ್ಣುವ ಊರು ನಮ್ಮದು; ಅದು ಕೈಯಲ್ಲಿದೆ ಎಂಬುದೇ ನಮಗೆ ಮರೆತುಹೋಗಿತ್ತು.

ಅಂದಿನಿಂದ ಕಾಯಿದೆಯಾಯಿತು. ವಖಾರಿಯಿಂದ ಬಂದವರು ಗಾಜಿನ ಹತ್ತಿರ ಬರಬಾರದು. ಅಣ್ಣಾಸಾಹೇಬರೂ ಸ್ನಾನ ಮಾಡಿ ಅಂಗಿ ಬದಲಿಸಿಯೇ ಬರಬೇಕು. ನಮ್ಮ ಓಣಿಯಲ್ಲಿ ಮನೆಮನೆಗೂ ಬೀಡಿ. ಸೀರೆಯಲ್ಲೆಲ್ಲ ಅದೇ ಘಾಟು. ಅದಕ್ಕೇ ನನ್ನ ಕೆಲಸದ ಸೀರೆಯನ್ನು ಕಟ್ಟಿಗೆ ಕೋಣೆಯಲ್ಲೇ ಇಟ್ಟೆ. ಬೆಳಿಗ್ಗೆ ಹಲ್ಲಿಗೆ ತಿಕ್ಕುತ್ತಿದ್ದ ಮಿಶ್ರಿಯೂ ಸುಟ್ಟ ತಂಬಾಕಿನ ಪುಡಿಯೇ ತಾನೇ, ಅದನ್ನೂ ಬಿಟ್ಟೆ. ತಲೆ ಸಿಡಿಯಿತು, ಎಲ್ಲರ ಮೇಲೂ ಹರಿಹಾಯ್ದೆ. "ಗಂಡ ಬಿಡು ಅಂದ್ರ ಬಿಡಲಿಲ್ಲ, ಮೀನಿನ ಸಲುವಾಗಿ ಬಿಟ್ಟಾಳ ನೋಡ್ರಿ" ಎಂದು ಗಂಗವ್ವ ಓಣಿಯೆಲ್ಲ ಸಾರಿದಳು. ಮಾತು ಬಿಟ್ಟದ್ದು ಆಗಲೇ.

ಉಳಿದ ಒಂದು ಮೀನು ಊಟ ಬಿಟ್ಟಿತು. ಕಲ್ಲಿನ ತುಂಬ ಸಿಗಡಿ ಮೆತ್ತಿಟ್ಟರೂ ಹತ್ತಿರ ಬರಲಿಲ್ಲ. ಜೋಡಿ ತಿರುಗುತ್ತಿದ್ದ ದಾರಿಯಲ್ಲೇ ತಿರುಗಿ, ಮಧ್ಯದಲ್ಲಿ ನಿಂತು, ಇನ್ನೊಂದು ಬರಲಿ ಎಂಬಂತೆ ಕಾಯುತ್ತಿತ್ತು.

"ಇದೂ ಹೋದ್ರ ತೊಟ್ಟಿ ತಗಸಿಬಿಡೂನು ಕಾಶವ್ವ. ನನಗೂ ಸಾಕಾತು" ಎಂದರು ಅಣ್ಣಾಸಾಹೇಬರು. "ನೀ ಚಿಂತಿ ಮಾಡಬ್ಯಾಡ. ವಖಾರಿಯೊಳಗ ನಿನ್ನ ಜಾಗಾ ಹಂಗ ಐತಿ."

ಪ್ರೀತಿಯಿಂದಲೇ ಹೇಳಿದರು. ನನಗೆ ಅಲ್ಲಿಯೇ ಕೆಮ್ಮು ಬಂತು.

ನಾನು ಗಾಜಿಗೆ ಹಣೆ ಹಚ್ಚಿ ಕುಳಿತಿರುತ್ತಿದ್ದೆ. ತಿನ್ನೋ ಮಾರಾಯಾ, ನೀ ತಿಂದರೆ ನಾನು ತಿಂದೇನು ಎಂದು ಬೇಡಿಕೊಳ್ಳುತ್ತಿದ್ದೆ. ಒಂದು ದಿನ ಸಂಜೆಯ ಬಿಸಿಲು ಬಿದ್ದು ಗಾಜಿನಲ್ಲಿ ಅದರದೇ ನೆರಳು ಮೂಡಿತು. ಮೀನು ಸರಕ್ಕನೆ ಬಂದು ಆ ನೆರಳಿನ ಪಕ್ಕ ನಿಂತಿತು. ನೆರಳು ಹೋದ ಮೇಲೂ ಅಲ್ಲೇ ನಿಂತಿತ್ತು. ನಾನು ಗಂಡ ಸತ್ತ ಮೇಲೆ ಟ್ರಂಕಿನ ತಳಕ್ಕೆ ಹಾಕಿದ್ದ ಕುಂಕುಮದ ಕನ್ನಡಿಯನ್ನು ಮರುದಿನ ತಂದು, ಸೋಪು ಹಚ್ಚಿ ತೊಳೆದು, ಗಾಜಿನ ಹೊರಗೆ ಹಿಡಿದೆ. ಒಳಗೆ ಅಲ್ಲೇ ಸಿಗಡಿಯ ಕಲ್ಲು ಇಟ್ಟಿದ್ದೆ. ಮೊದಲು ಕನ್ನಡಿಯನ್ನು ಕುಟುಕಿತು. ಆಮೇಲೆ ಕಲ್ಲನ್ನು. ಕನ್ನಡಿಯೊಳಗಿನದೂ ತಿಂದಿತಲ್ಲ, ಧೈರ್ಯ ಬಂದಿರಬೇಕು! ಆ ಹೊತ್ತು ನನಗಾದ ಖುಷಿ ಮಗ ಹುಟ್ಟಿದಾಗಲೂ ಆಗಿರಲಿಲ್ಲ ಎಂದರೆ ಅವನು ಬೇಜಾರು ಮಾಡಿಕೊಂಡಾನು. ಆದರೆ ಕನ್ನಡಿ ಹೆಚ್ಚು ಹೊತ್ತು ಹಿಡಿಯಬೇಡಿ. ಅದನ್ನೇ ನೋಡುತ್ತ ನಿಂತುಬಿಡುತ್ತದೆ.

ಹೀಗೆ ಚೂರುಚೂರೇ ತಿನ್ನುತ್ತ ಮಳೆಗಾಲ ಕಳೆಯುವಷ್ಟರಲ್ಲಿ ಪರ್ವ ಎದುರಿಗೆ ಬಂತು. ಹತ್ತು ದಿನ ಸಿಗಡಿ ನಿಂತರೆ ಈ ಸಲ ಅದು ಉಳಿಯುತ್ತಿರಲಿಲ್ಲ. ಆಯಿಗೆ ಹೇಗೆ ಹೇಳುವುದು? ಅವರು ಆ ದಿನಗಳಲ್ಲಿ ಒಂದೇ ಹೊತ್ತು ಉಣ್ಣುವವರು. ಕುದಿಸಿ ಆರಿಸದ ನೀರನ್ನೂ ಮುಟ್ಟದವರು. ನಾನು ಹೇಳಲಿಲ್ಲ. ಕುರ್ಚಿಯಲ್ಲಿ ಕುಳಿತು ಅವರೇ ಕೇಳಿದರು.

"ಕಾಶಿ, ಇದು ಹತ್ತ ದಿನ ತಡೀತೈತೇನ?"

"ಇಲ್ರಿ ಆಯಿ."

"ಸುಳ್ಳ ಹೇಳಬ್ಯಾಡ."

"ನಿಮ್ಮ ಮುಂದ ಯಾಕ ಸುಳ್ಳ ಹೇಳ್ಲಿರಿ? ನೀವ ನೋಡ್ರಲ್ಲ ಅದರ ಹೊಟ್ಟಿ."

ಆಯಿ ಎದ್ದು ಒಳಗೆ ಹೋದರು. ಮರುದಿನ ಗಂಟು ಕಟ್ಟಿಸಿದರು. "ನೇಮ ನಂದು. ನಾ ಎಲ್ಲಿರ್ತೀನಿ ಅಲ್ಲಿ ಇರತೈತಿ. ಬೇಡಕಿಹಾಳದೊಳಗ ನಮ್ಮಣ್ಣನ ಮನಿ ಐತಿ, ಅಲ್ಲೇ ಬಸದಿ ಐತಿ. ಹತ್ತ ದಿನ ಅಲ್ಲಿರ್ತೀನಿ. ಇಲ್ಲಿ ನೀ ಏನ ಮಾಡ್ತಿ, ನಾ ಕೇಳೂದಿಲ್ಲ, ನೀ ಹೇಳಬ್ಯಾಡ." ಮನೆಯ ಯಜಮಾನಿ ಮೀನಿಗೆ ಮನೆ ಬಿಟ್ಟುಕೊಟ್ಟು ಜೀಪು ಹತ್ತಿದರು!

ಆ ದಿನಗಳಲ್ಲಿ ಪಡಸಾಲೆಯಲ್ಲಿ ನಾನು ಮತ್ತು ಅದು. ಮಧ್ಯಾಹ್ನ ಖಾಲಿ ಕುರ್ಚಿ ನೋಡಿದರೆ ನನಗೇ ಏನೋ ಆಗುತ್ತಿತ್ತು. ಪರ್ವ ಮುಗಿದ ಮೇಲೆ ಆಯಿ ಬಂದರು. ಆಗ ಅವರಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿದು, ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದಕ್ಕೆ ಕ್ಷಮೆ ಕೇಳುವ ಪದ್ಧತಿ. ಮನೆಗೆ ಬಂದವರೆಲ್ಲರಿಗೂ "ಉತ್ತಮ ಕ್ಷಮಾ" ಎಂದರು. ಆಮೇಲೆ ಗಾಜಿನ ಎದುರಿಗೆ ಬಂದು ಮೀನಿಗೆ ಕೈ ಮುಗಿದರು. "ನಿನ್ನ ನೀರಿನಿಂದ ತಂದ ಇಲ್ಲಿಟ್ಟೀವಿ. ತಪ್ಪಾಗೇತಿ" ಎಂದರು. ಹಿಂದೆಯೇ ನನ್ನ ಕಡೆ ತಿರುಗಿ ನನಗೂ ಕೈ ಮುಗಿದರು. ನಾನು ಸಿಗಡಿಯ ಬಟ್ಟಲು ಹಿಡಿದವಳು, ಏನು ಮಾಡಬೇಕೆಂದು ತಿಳಿಯದೆ ಬಟ್ಟಲನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಹೀಗೆ ವರ್ಷಗಳು ಹೋದವು. ಪ್ರತಿ ಭಾದ್ರಪದದಲ್ಲಿ ಆಯಿ ಬೇಡಕಿಹಾಳಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು. ಮುಂಬೈಯಿಂದ ಸಮುದ್ರದ ಉಪ್ಪಿನ ಪಾಕೀಟು ಬರತೊಡಗಿತು, ಲಾರಿಯ ನೀರು ನಿಂತಿತು. ಕರೆಂಟು ಹೋದರೆ ಬ್ಯಾಟರಿ ಮೇಲೆ ಓಡುವ ಮಷೀನು ಬಂತು, ತಂಬಿಗೆ ಮೂಲೆ ಸೇರಿತು. ಕನ್ನಡಿಯೂ ಬೇಡವಾಯಿತು, ಮೀನು ನನ್ನ ಬೆರಳ ಸಂದಿಯಿಂದಲೇ ಹೆಕ್ಕಿ ತಿನ್ನುತ್ತಿತ್ತು. ಜೊತೆಗೆ ಬಿಟ್ಟ ಬೇರೆ ಮೀನುಗಳನ್ನು ಸೇರಿಸಿಕೊಳ್ಳಲಿಲ್ಲ. ಅಣ್ಣಾಸಾಹೇಬರ ಹುಚ್ಚು ಎಂದೋ ಇಳಿದಿತ್ತು; ಈ ಒಂದು ಇರುವವರೆಗೆ ಇರಲಿ ಎಂದಿದ್ದರು. ನನ್ನ ಅನ್ನ, ನನ್ನ ಎದೆ, ನನ್ನ ಮಾತು, ಎಲ್ಲ ಆ ಅಂಗೈಯಗಲದ ಜೀವಕ್ಕೆ ಕಟ್ಟಿಕೊಂಡಿತ್ತು.

ತೊಂಬತ್ತರ ದಶಕ ಅರ್ಧ ಕಳೆದಿರಬೇಕು. ಆಯಿ ಹಾಸಿಗೆ ಹಿಡಿದರು. ಮಳೆಗಾಲ ಮುಗಿಯುತ್ತ ಬಂದು ಪರ್ವ ಹತ್ತಿರವಾಯಿತು. ಜೀಪಿನಲ್ಲಿ ಒಯ್ಯುವ ಸ್ಥಿತಿ ಅವರದಾಗಿರಲಿಲ್ಲ. ನನ್ನನ್ನು ಕರೆಸಿದರು. ಆ ಮನೆಯ ಒಳಕೋಣೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಣ್ಣಾಸಾಹೇಬರು ಬಾಗಿಲಲ್ಲಿ ನಿಂತಿದ್ದರು.

"ಈ ಸಲ ಎದ್ದ ಹೋಗಾಕ ಆಗೂದಿಲ್ಲ ಕಾಶಿ," ಎಂದರು ಆಯಿ. "ನೇಮ ಮುರಿಯಾಕೂ ಆಗೂದಿಲ್ಲ. ಇದ ನಂದು ಕಡೀದು."

"ನಾ ನಮ್ಮ ಮನಿಗೆ ಒಯ್ತೀನ್ರಿ ಆಯಿ," ಎಂದೆ. ಹೇಳುತ್ತಿದ್ದಂತೆಯೇ ನಮ್ಮ ಓಣಿ ನೆನಪಾಯಿತು. ಬೀಡಿ ಕಟ್ಟುವ ಓಣಿ. ಅಲ್ಲಿ ಗಾಳಿಯೇ ತಂಬಾಕು.

"ಬೆಳಗಾವಿಗೆ ಕಳಿಸೂನಂದ್ರ ಹೊಸಾ ತೊಟ್ಟಿ, ಹೊಸಾ ನೀರು," ಎಂದರು ಅಣ್ಣಾಸಾಹೇಬರು. "ಮಾಗಾಕ ಟೈಮ್ ಎಲ್ಲೈತಿ? ನೀನ ಹೇಳ ಕಾಶವ್ವ. ಮೀನ ನಿಂದು. ನೀ ಹೆಂಗಂತಿ ಹಂಗ."

ಮೀನು ನನ್ನದು ಎಂದು ಆ ಮನೆಯಲ್ಲಿ ಯಾರಾದರೂ ಹೇಳಿದ್ದು ಅದೇ ಮೊದಲು. ಹತ್ತು ದಿನ ಉಪವಾಸ ಕೆಡವಿ ನೋಡೋಣವೇ ಎಂದುಕೊಂಡೆ, ಅದಕ್ಕೂ ವಯಸ್ಸಾಗಿತ್ತು. ಆಯಿಗೆ ಕಾಣದಂತೆ ಸಿಗಡಿ ತಂದು ಹಾಕಲೇ? ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಸಮುದ್ರಕ್ಕ ಬಿಟ್ಟ ಬರ್ತೀನ್ರಿ," ಎಂದೆ.

"ನಿನಗೇನ ಉಳೀತೈತಿ?" ಎಂದರು ಆಯಿ.

ನಾನು ಡಬ್ಬಿ ತೊಳೆಯಲು ಹಿತ್ತಲಿಗೆ ಹೋದೆ.

ದಸ್ತಗೀರನ ಲಾರಿಯಲ್ಲಿ, ಡ್ರೈವರನ ಪಕ್ಕದ ಸೀಟಿನಲ್ಲಿ, ನೀರಿನ ದೊಡ್ಡ ಡಬ್ಬಿಯನ್ನು ಕಾಲುಗಳ ನಡುವೆ ಹಿಡಿದು ಘಾಟು ಇಳಿದೆ. ಪ್ರತಿ ತಿರುವಿಗೂ ನೀರು ಚೆಲ್ಲಿ ಸೀರೆ ತೊಯ್ದಿತು.

"ಮಾವಶಿ, ಮದಲಗಿತ್ತಿನ ಗಂಡನ ಮನಿಗೆ ಕಳಸಾಕ ಹೊಂಟಂಗ ಕುಂತೀರಲ್ಲ" ಎಂದ ದಸ್ತಗೀರ.

"ಗಾಡಿ ಸಾವಕಾಶ ಹೊಡಿಯಪಾ" ಎಂದೆ.

ಮಾಲವಣದಲ್ಲಿ ಅದನ್ನು ಹಿಡಿದುಕೊಟ್ಟ ಮೀನುಗಾರನೇ ಸಿಕ್ಕ. ಸಮುದ್ರ ಇನ್ನೂ ಪೂರ್ತಿ ಶಾಂತವಾಗಿರಲಿಲ್ಲ. ಬಂಡೆಗಳ ಮರೆಯಲ್ಲಿ ಮೊಣಕಾಲುದ್ದ ನೀರು ನಿಂತ ಜಾಗಕ್ಕೆ ನನ್ನ ರಟ್ಟೆ ಹಿಡಿದು ಕರೆದೊಯ್ದ. ಡಬ್ಬಿಯನ್ನು ಆ ನೀರಿನಲ್ಲಿ ತೇಲಿಸಿ, ಹೊರಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟು, ಒಗ್ಗಿದ ಮೇಲೆ ಬಾಗಿಸಿದೆ. ಹೊರಗೆ ಬಂತು. ಬಂದು ಹೋಗಲಿಲ್ಲ. ನೀರಿನೊಳಗಿದ್ದ ನನ್ನ ಕೈಯ ಸುತ್ತ ಒಂದು ಸುತ್ತು ತಿರುಗಿ, ಬೆರಳ ಸಂದಿಗಳನ್ನು ಒಂದೊಂದಾಗಿ ಹೆಕ್ಕಿ ನೋಡಿತು. ಅಲ್ಲಿ ಏನೂ ಇರಲಿಲ್ಲ.

"ಹಾತ ಕಾಢ, ಮಾವಶಿ," ಎಂದ ಮೀನುಗಾರ, ಮೆಲ್ಲಗೆ.

ಕೈ ತೆಗೆದೆ. ಕೈ ಇದ್ದ ಜಾಗದಲ್ಲೇ ಅದು ನಿಂತಿತ್ತು. ಒಂದು ತೆರೆ ಬಂದು ನೀರು ಕದಡಿತು. ತಿಳಿಯಾದಾಗ ಬರೀ ಕಲ್ಲು ಕಾಣಿಸಿತು.

ಬಂಡೆಯ ಮೇಲೆ ಕುಳಿತು ಆಗ ತಲೆಯೆತ್ತಿ ನೋಡಿದೆ. ಅಷ್ಟು ವರ್ಷ ಸಮುದ್ರದ ನೀರು ಹೊತ್ತವಳು, ಸಮುದ್ರವನ್ನು ನೋಡಿದ್ದು ಅಂದೇ. ಎಷ್ಟೊಂದು ನೀರು! ತಾನೇ ಏಳುತ್ತಿತ್ತು, ತಾನೇ ಬೀಳುತ್ತಿತ್ತು, ಅದಕ್ಕೆ ಗಾಳಿ ತಾನೇ ಸಿಗುತ್ತಿತ್ತು. ಯಾರೂ ಬದಲಿಸಬೇಕಾಗಿರಲಿಲ್ಲ. ನಾನು ಕಲಿತ ಕೆಲಸ ಅಲ್ಲಿ ಒಂದೂ ಇರಲಿಲ್ಲ.

"ಹೋಗೂನೇನ್ರಿ ಮಾವಶಿ?" ಎಂದು ದಸ್ತಗೀರ ಮೇಲಿನಿಂದ ಕೂಗಿದ.

"ತಡಿಯೋ," ಎಂದೆ. "ಅದರ ಊಟದ ಹೊತ್ತ ಆಗೇತಿ. ದಾಟಲಿ."